ಅಪ್ಪ ಗೆಲ್ಲದ ಗುಡ್ಡ

ಜಮಖಂಡಿ
೨೪ ಆಗಸ್ಟ್ ೨೦೨೫, ರವಿವಾರ

ಪ್ರೀತಿಯ ಅಪ್ಪಾ,

ನಿನ್ನ ಎಡ ಮೊಣಕಾಲು ಈಗ ಹೇಗಿದೆ? ತುಬಚಿಯಲ್ಲಿ ಹೊಳೆಯ ಕಡೆಯಿಂದ ಬೀಸುವ ಗಾಳಿ ಈ ದಿನಗಳಲ್ಲಿ ಎಲುಬಿಗೇ ಇಳಿಯುತ್ತದೆ ಎಂದು ನೀನೇ ಹೇಳುತ್ತಿದ್ದೆ. ಹೊರಸಿನ ಮೇಲೆ ಮಲಗುವಾಗ ಕಾಲಿಗೆ ಕೌದಿ ಹೊದ್ದುಕೋ. ಬಿಪಿ ಗುಳಿಗೆ ಮುಗಿದಿರಬೇಕು. ನೀನು ಒಯ್ದದ್ದು ಎರಡೇ ಪಟ್ಟಿ, ಅವ್ವ ಬೆರಳು ಮಡಚಿ ಲೆಕ್ಕ ಹಾಕಿ ಹೇಳಿದಳು. ಇನ್ನೊಂದು ತಿಂಗಳಿಗಾಗುವಷ್ಟು, ನಾಳೆ ಅಲ್ಲಿಗೆ ಬರುವ ಅವಳ ಚೀಲದಲ್ಲಿ ಇಟ್ಟಿದ್ದೇನೆ. ಪಲ್ಯಕ್ಕೆ ಉಪ್ಪು ಕಡಿಮೆ ಹಾಕಲು ಸಾತವ್ವ ಅತ್ತೆಗೆ ಹೇಳು. ಹೇಳಿದರೂ ಆಕೆ ಕೇಳುವವಳಲ್ಲ, ತಮ್ಮ ಬಂದಿದ್ದಾನೆಂದು ಇನ್ನೊಂದು ಚಿಟಿಕೆ ಜಾಸ್ತಿಯೇ ಹಾಕುತ್ತಾಳೆ. ಇಲ್ಲಿ ಮೈಗೆ ಎಲ್ಲರೂ ಆರಾಮ ಇದ್ದೇವೆ. ನಿನ್ನ ಮೊಮ್ಮಗಳು ಮನೀಷಾಗೆ ನೆಗಡಿಯಾಗಿತ್ತು, ಈಗ ಕಡಿಮೆ. ಬುಧವಾರ ಗಣಪತಿ ಕೂಡುತ್ತಾನೆ, ಓಣಿಯ ಹುಡುಗರು ಚಂದಾ ಪಟ್ಟಿ ಎತ್ತಲು ನಿನ್ನೆಯೇ ಬಂದು ನಿನ್ನನ್ನು ಕೇಳಿಕೊಂಡು ಹೋದರು.

ಫೋನಿನಲ್ಲೇ ಹೇಳಬಹುದಿತ್ತು. ನೀನು ಹೋದ ಮೇಲೆ ನಾನು ಮೂರು ಸಲ ಫೋನ್ ಮಾಡಿದೆ. ಮೂರೂ ಸಲ ನೀನು ಎತ್ತಿ "ಹೇಳಪಾ" ಎಂದೆ. ಆ ಒಂದು ಶಬ್ದ ಕೇಳಿದ ಕೂಡಲೇ ನಾನು ಮಾತು ತಿರುಗಿಸಿದೆ. ಅಲ್ಲಿ ಮಳೆ ಆಯಿತೇ, ಏತ ನೀರಾವರಿಯ ಕಾಲುವೆಗೆ ನೀರು ಬಿಟ್ಟರೇ ಎಂದು ಏನೇನೋ ಕೇಳಿ ಇಟ್ಟುಬಿಟ್ಟೆ. ನಾನು ದಿನಕ್ಕೆ ನಾಲ್ಕು ತಾಸು ಮಾತಾಡಿ ಸಂಬಳ ಎಣಿಸುವ ಮನುಷ್ಯ, ಹೆತ್ತ ತಂದೆಯೆದುರು ನಾಲ್ಕು ಮಾತು ಜೋಡಿಸಲಾಗದೆ ಕಾಗದ ಹಿಡಿದು ಕುಳಿತಿದ್ದೇನೆ. ಮುಂದೆ ಬರೆಯುವುದರಲ್ಲಿ ಬಹಳಷ್ಟು ನಿನಗೆ ಗೊತ್ತಿದ್ದದ್ದೇ. ಆದರೂ ಬರೆಯುತ್ತೇನೆ. ಅದು ಒಂದು ಸಲವಾದರೂ ನನ್ನ ಕೈಯಿಂದ, ನಡೆದದ್ದು ನಡೆದ ಹಾಗೆ ಬರಬೇಕು.

ಶುರುವಾದದ್ದು ರನ್ನ ಬೆಳಗಲಿಯಲ್ಲಿ, ತೊಂಬತ್ತೊಂಬತ್ತರ ಜೂನ್ ತಿಂಗಳಲ್ಲಿ. ನನಗೆ ಹನ್ನೊಂದು ವರ್ಷ. ನಮ್ಮ ಮನೆಯ ಗೂಡಿನಲ್ಲಿ ನಿನ್ನದೊಂದು ಫೋಟೋ ಇತ್ತಲ್ಲ, ಸಮವಸ್ತ್ರದಲ್ಲಿ ನೀನು, ಪಕ್ಕದಲ್ಲಿ ಲಗಾಮು ಹಾಕಿಸಿಕೊಂಡು ನಿಂತ ಹೇಸರಗತ್ತೆ. ಅದನ್ನು ನೋಡಿ ಹೋದ ಕನ್ನಡ ಸಾಲಿಯ ಹುಡುಗರು ನನಗೆ "ಕತ್ತಿ ಕಾಯೋ ಸಿಪಾಯಿ ಮಗಾ" ಎಂದು ಕತ್ತೆಯ ಹೆಸರು ಹಿಡಿದು ಕಾಡುತ್ತಿದ್ದರು. ಅಳುತ್ತ ಬಂದು ಅವ್ವನ ಮುಂದೆ ಹೇಳಿದರೆ ಆಕೆ ನಕ್ಕು, "ಅದು ಕತ್ತಿ ಅಲ್ಲೋ, ಹ್ಯಾಸರಗತ್ತಿ. ಮಿಲಿಟ್ರಿದು. ಅದಕ್ಕೂ ನಂಬರ ಇರತೈತಿ" ಎಂದಿದ್ದಳು. ನನಗೆ ಅದರಿಂದ ಸಮಾಧಾನವಾಗಲಿಲ್ಲ. ಫೋಟೋವನ್ನು ದೇವರ ಫೋಟೋಗಳ ಹಿಂದೆ ಸರಿಸಿಟ್ಟೆ. ಆಗಲೇ ಕಾರ್ಗಿಲ್ ಕಡೆ ಯುದ್ಧ ಹತ್ತಿತು. ಮೂರು ವಾರದಿಂದ ಸಿಗದ ತೋಲೋಲಿಂಗ್ ಎಂಬ ಗುಡ್ಡ ನಮ್ಮವರ ಕೈಗೆ ಸಿಕ್ಕಿತೆಂದು ಪೇಪರಿನಲ್ಲಿ ಬಂತು. ಹೆದ್ದಾರಿಯ ನೆತ್ತಿಯ ಮೇಲೆ ಕುಳಿತ ಗುಡ್ಡ ಅದು, ಅದು ಬಂದರೆ ಉಳಿದ ಗುಡ್ಡಗಳೂ ಬರುತ್ತವೆ, ಇನ್ನು ಯುದ್ಧ ತಿರುಗಿತು ಎಂದು ಪಂಚಾಯಿತಿ ಕಟ್ಟೆಯ ಮೇಲೆ ದೊಡ್ಡವರು ಓದಿ ಹೇಳುತ್ತಿದ್ದರು. ಮರುವಾರವೇ ನಿನ್ನ ಇನ್‌ಲ್ಯಾಂಡ್ ಪತ್ರ ಬಂತು.

ಅವ್ವನಿಗೆ ಓದಲು ಬರುತ್ತಿರಲಿಲ್ಲ. ಓಣಿಯ ಮಂದಿಯೆಲ್ಲ ಪಡಸಾಲೆಯಲ್ಲಿ ಕೂಡಿದ್ದರು. ಆ ಹುಡುಗರೂ ಇದ್ದರು. "ನಾನು ಆರಾಮ ಇದ್ದೇನೆ, ಕಾಳಜಿ ಮಾಡಬೇಡಿರಿ. ಗುಡ್ಡದ ಮೇಲೆ ಹುಡುಗರು ಹೋಗಿದ್ದಾರೆ, ನಾವು ಖಚ್ಚರ್ ಮೇಲೆ ಅವರಿಗೆ ಸಾಮಾನು ಮುಟ್ಟಿಸುತ್ತೇವೆ" ಎಂದು ನೀನು ಬರೆದಿದ್ದೆ, ಹೇಸರಗತ್ತೆಗೆ ನೀನು ಮಿಲಿಟ್ರಿಯ ಮಾತಿನಲ್ಲಿ ಖಚ್ಚರ್ ಎಂದೇ ಅನ್ನುತ್ತಿದ್ದೆ. ನಾನು ಓದಿದ್ದು, "ನಾನು ಆರಾಮ ಇದ್ದೇನೆ, ಕಾಳಜಿ ಮಾಡಬೇಡಿರಿ. ನಾವು ತೋಲೋಲಿಂಗ್ ಗುಡ್ಡ ಏರಿದೆವು, ಗುಡ್ಡ ನಮ್ಮದಾಯಿತು" ಎಂದು. ಎಲ್ಲಿಯೂ ತಡವರಿಸಲಿಲ್ಲ. ಓದಿ ಮುಗಿಸಿದಾಗ ಪಡಸಾಲೆಯಲ್ಲಿ ಯಾರೋ ಶಿಳ್ಳೆ ಹೊಡೆದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಎಲ್ಲರಿಗೂ ಸಕ್ಕರೆ ಹಂಚಿದಳು. ಮರುದಿನದಿಂದ ಸಾಲಿಯಲ್ಲಿ ನನ್ನನ್ನು ಯಾರೂ ಕತ್ತೆಯ ಹೆಸರಿನಿಂದ ಕರೆಯಲಿಲ್ಲ. ಎರಡು ಸಾಲು ಬದಲಿಸಿದ್ದಕ್ಕೆ ಇಷ್ಟು ಸುಖವಿದೆ ಎಂದು ನನಗೆ ಗೊತ್ತಾದದ್ದು ಆ ದಿನ.

ಹುಡುಗಾಟಿಕೆ ಎಂದು ಅದನ್ನು ಅಲ್ಲಿಗೇ ಬಿಡಬಹುದಿತ್ತು. ನಾನು ಬಿಡಲಿಲ್ಲ. ಕಾಲೇಜಿಗೆ ಹೋದಾಗ ಗೆಳೆಯರಿಗೆ ಹೇಳಿದೆ, ನೌಕರಿಯ ಸಂದರ್ಶನದಲ್ಲಿ ಹೇಳಿದೆ, ರಂಜನಾಳನ್ನು ನೋಡಲು ಹೋದಾಗ ಅವಳ ಅಪ್ಪನ ಮುಂದೆ ಹೇಳಿದೆ. ಇತಿಹಾಸದ ಉಪನ್ಯಾಸಕನಾದ ಮೇಲಂತೂ ಅದೇ ನನ್ನ ಬಂಡವಾಳವಾಯಿತು. ಯುದ್ಧಗಳ ದಿಕ್ಕು ಬದಲಿಸಿದ ಕದನಗಳು ಎಂಬ ಪಾಠ ನಾನು ಮಾಡಿದರೆ ಬೇರೆ ವಿಭಾಗದ ಹುಡುಗರೂ ಬಂದು ಕಿಟಕಿಯಲ್ಲಿ ನಿಲ್ಲುತ್ತಿದ್ದರು. ಪ್ಲಾಸಿಯಲ್ಲಿ ಮಧ್ಯಾಹ್ನದ ಮಳೆಗೆ ನವಾಬನ ಮದ್ದು ತೊಯ್ದು, ಇಂಗ್ಲಿಷರ ಮದ್ದು ತಾಡಪಾಲಿನ ಕೆಳಗೆ ಒಣಗಿ ಉಳಿದದ್ದು, ವಾಟರ್‌ಲೂನಲ್ಲಿ ಕೆಸರು ಆರಲೆಂದು ನೆಪೋಲಿಯನ್ ಕಾದು ಕುಳಿತು ಬೆಳಗನ್ನು ಕಳೆದುಕೊಂಡದ್ದು, ಸ್ಟಾಲಿನ್‌ಗ್ರಾಡಿನಲ್ಲಿ ರಷ್ಯದವರು ವೋಲ್ಗಾ ನದಿಯನ್ನು ಬೆನ್ನಿಗಿಟ್ಟುಕೊಂಡು ಒಂದೊಂದು ಮನೆಗೂ ಹೊಡೆದಾಡಿದ್ದು, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿ, ಕೊನೆಗೆ ಚಾಕ್ ಕೆಳಗಿಟ್ಟು, "ಇನ್ನು ನಮ್ಮ ಮನೆಯ ಕದನ" ಎನ್ನುತ್ತಿದ್ದೆ. ಆಗ ನಿನ್ನನ್ನು ತೋಲೋಲಿಂಗಿಗೆ ಹತ್ತಿಸುತ್ತಿದ್ದೆ. ವರ್ಷ ವರ್ಷವೂ ನೀನು ಇನ್ನಷ್ಟು ಮೇಲೆ ಹತ್ತಿದೆ. ಮೊದಲು ಬರೀ ಹತ್ತಿದ್ದೆ, ಆಮೇಲೆ ಬಂಕರಿಗೆ ಬಾಂಬು ಎಸೆದೆ, ಹೋದ ವರ್ಷ ಶತ್ರುವಿನ ಬಂದೂಕಿನ ಬಿಸಿ ನಳಿಕೆಯನ್ನೇ ಬರಿಗೈಯಿಂದ ಹಿಡಿದು ಎಳೆದೆ. ಹುಡುಗರು ನನಗೆ ತೋಲೋಲಿಂಗ್ ಸರ್ ಎಂದೇ ಹೆಸರಿಟ್ಟರು. ನೀನು ಮಾತ್ರ ಆಗ ಮಿಲಿಟ್ರಿಯಿಂದ ನಿವೃತ್ತನಾಗಿ, ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಗಾಡಿಗಳ ಚೀಟಿ ನೋಡುತ್ತ, ವಾರಕ್ಕೊಮ್ಮೆ ಮನೆಗೆ ಬಂದು ಅಂಗಿ ಒಗೆಸಿಕೊಂಡು ಹೋಗುತ್ತಿದ್ದೆ. ನಿನ್ನ ಬಗ್ಗೆ ನಾನು ಏನು ಹೇಳುತ್ತಿದ್ದೇನೆಂದು ನಿನಗೆ ಗೊತ್ತಿರಲಿಲ್ಲ.

ಈ ಸಲ ಜುಲೈ ಇಪ್ಪತ್ತಾರಕ್ಕೆ ಕಾಲೇಜಿನಲ್ಲಿ ವಿಜಯ ದಿವಸ ಮಾಡುವುದೆಂದಾಯಿತು. ಪ್ರಿನ್ಸಿಪಾಲ್ ಸುಭಾಷ್ ಸರ್, "ನಿಮ್ಮ ತಂದಿಯವರು ಈಗ ಗೇಟಿನ ಕೆಲಸ ಬಿಟ್ಟು ಮನ್ಯಾಗ ಅದಾರಲ್ರೀ, ಅವರನ್ನ ಕರೀರಿ" ಎಂದರು. ಅನಾರೋಗ್ಯವೆಂದು ತಪ್ಪಿಸಬಹುದಿತ್ತು. ಆದರೆ ಒಂಬತ್ತುನೂರು ಹುಡುಗರ ಮುಂದೆ ನಿನ್ನನ್ನು ಕೂರಿಸಿ, ನಿನ್ನ ಪಕ್ಕದಲ್ಲಿ ನಾನು ಕುಳಿತುಕೊಳ್ಳುವ ಆಸೆ ದೊಡ್ಡದಿತ್ತು. ನೀನು ಎರಡು ದಿನ ಒಪ್ಪಲಿಲ್ಲ. "ಪರಮ್ಯಾ, ನನಗ ಸ್ಟೇಜ್ ಮ್ಯಾಲ ಮಾತಾಡಾಕ ಬರೂದಿಲ್ಲೋ" ಎಂದೆ. ನೀ ಮಾತಾಡೋದು ಬೇಡ, ಶಾಲು ಹೊದಿಸಿಕೊಂಡು ಕೈ ಮುಗಿದರೆ ಸಾಕು ಎಂದು ನಾನು ಒಪ್ಪಿಸಿದೆ. ಆ ದಿನ ಮುಂಜಾನೆ ನೀನು ಮೀಸೆ ಕತ್ತರಿಸಿಕೊಂಡು, ಪದಕಗಳನ್ನು ಹಲ್ಲುಜ್ಜುವ ಪುಡಿ ಹಚ್ಚಿ ತಿಕ್ಕಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. ಕಾಲೇಜಿನ ಗೇಟಿನ ಮೇಲೆ ಬ್ಯಾನರು ಇತ್ತು. ತೋಲೋಲಿಂಗ್ ಶಿಖರ ಗೆದ್ದ ವೀರಯೋಧ ಹವಾಲ್ದಾರ್ ಹುಲೆಪ್ಪನವರಿಗೆ ಸುಸ್ವಾಗತ. ನೀನು ಬೈಕಿನಿಂದ ಇಳಿದು ಅದನ್ನು ಎರಡು ಸಲ ಓದಿದೆ. "ಇದೇನೋ ಇದು?" ಎಂದು ಕೇಳಿದೆ. "ಕಾರ್ಯಕ್ರಮಕ್ಕ ಹಂಗ ಹಾಕತಾರಪಾ. ಸುಮ್ನ ಬಾ" ಎಂದು ನಿನ್ನ ಮೊಣಕೈ ಹಿಡಿದು ನಡೆಸಿದೆ.

ನಾನೇ ಬರೆದುಕೊಟ್ಟ ನಿನ್ನ ಪರಿಚಯವನ್ನು ಸುಭಾಷ್ ಸರ್ ಓದಿದರು. ಬಂಕರು, ಬಾಂಬು, ಬಿಸಿ ನಳಿಕೆ, ಎಲ್ಲ ಬಂತು. ಚಪ್ಪಾಳೆ ನಿಲ್ಲುವ ಮೊದಲೇ ನೀನು ಎದ್ದು ಮೈಕಿನ ಮುಂದೆ ಹೋದೆ. ನೀನು ಆಡಿದ ಮಾತು ಒಂದೂ ಮರೆತಿಲ್ಲ. "ಎಲ್ಲಾರಿಗೂ ನಮಸ್ಕಾರ್ರಿ. ಈಗ ಸಾಹೇಬ್ರು ಓದಿದ್ರಲ್ರೀ, ಅದು ನಾ ಅಲ್ರಿ. ಗುಡ್ಡ ಏರಿದ ಹುಡುಗರು ಬ್ಯಾರೆ. ಅವರಾಗ ಭಾಳ ಮಂದಿ ಹೊಳ್ಳಿ ಬರಲಿಲ್ಲ. ಅವರ ಪಾಲಿಂದು ನಾ ತಗೊಂಡ್ರ ನನಗ ಅನ್ನ ಸೇರೂದಿಲ್ರಿ. ನಾ ಖಚ್ಚರ್ ಪಲ್ಟನ್ನಿನಾಂವ. ಹ್ಯಾಸರಗತ್ತಿ ಮ್ಯಾಲ ಮದ್ದಿನ ಪೆಟಗಿ, ನೀರು ಹೇರಕೊಂಡ ಹೋಗಾಂವ. ಒಂದ ಗುಂಡ ಸುದ್ದಾ ಹಾರಿಸಿಲ್ರಿ ನಾ. ಜನಾವರ ಹೋಗುಮಟ ಜನಾವರದ ಬೆನ್ನು, ಅಲ್ಲಿಂದ ಮುಂದ ನಮ್ಮ ಬೆನ್ನು. ಮ್ಯಾಲ ಹೋಗುವಾಗ ಪೆಟಗಿ ಒಯ್ದೇವಿ, ಕೆಳಗ ಬರುವಾಗ ಹುಡುಗರನ್ನ ತಂದೇವಿ." ಆಮೇಲೆ ನೀನು, "ಒಂದಿನ ಶೆಲ್ ಬೀಳಾಕತ್ತಿದ್ದೂ, ನಾ ಅಂಜಿ ಕಲ್ಲಿನ ಸಂದ್ಯಾಗ ಕುಂತಬಿಟ್ಟಿದ್ದೆ. ಖಚ್ಚರ್ ಏನ ನಿಲ್ಲಲಿಲ್ರಿ, ನನ್ನ ಎಳಕೊಂಡ ನಡೀತು" ಎಂದೆ. ಹಿಂದಿನ ಸಾಲಿನಲ್ಲಿ ಹುಡುಗರು ನಕ್ಕರು. ಅದು ಕೆಟ್ಟ ನಗೆಯಲ್ಲ ಎಂದು ಈಗ ಅನಿಸುತ್ತದೆ, ನೀನೂ ಸ್ವಲ್ಪ ನಕ್ಕಿದ್ದೆ. ನನಗೆ ಮಾತ್ರ ಅದು ಬೆಳಗಲಿಯ ಸಾಲಿಯ ನಗೆಯಾಗಿ ಕೇಳಿಸಿತು.

ನಾನು ಎದ್ದು ಬಂದು ನಿನ್ನ ಕೈಯಿಂದ ಮೈಕು ತೆಗೆದುಕೊಂಡೆ. ಪಾಠ ಮಾಡುವ ದನಿಯಲ್ಲಿ ಹೇಳಿದೆ: "ಎಲ್ಲರೂ ಕ್ಷಮಿಸಬೇಕು. ತಂದೆಯವರಿಗೆ ಯುದ್ಧದ ಆಘಾತದಿಂದ ಇತ್ತೀಚೆಗೆ ನೆನಪಿನ ತೊಂದರೆಯಾಗಿದೆ. ತಮ್ಮ ಶೌರ್ಯವನ್ನೇ ತಾವು ಮರೆತಿದ್ದಾರೆ. ದೇಶಕ್ಕಾಗಿ ಇದಕ್ಕಿಂತ ದೊಡ್ಡ ತ್ಯಾಗ ಇನ್ನೇನಿದೆ?" ಅಪ್ಪಾ, ಅಂಥ ಚಪ್ಪಾಳೆಯನ್ನು ನಾನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ಮುಂದಿನ ಸಾಲಿನ ಹೆಣ್ಣುಮಕ್ಕಳು ಕಣ್ಣೊರೆಸಿಕೊಂಡರು. ನೀನು ನನ್ನನ್ನು ನೋಡಿದೆ. ಸಿಟ್ಟು ಮಾಡಿದ್ದರೆ, ಎಲ್ಲರೆದುರು ಕಪಾಳಕ್ಕೆ ಹೊಡೆದಿದ್ದರೆ ನಾನು ಇಷ್ಟು ಕುಸಿಯುತ್ತಿರಲಿಲ್ಲ. ನೀನು ಬಗ್ಗಿ, ನನ್ನ ಕಾಲಿಗೆ ತೊಡರಿದ್ದ ಮೈಕಿನ ತಂತಿಯನ್ನು ಬಿಡಿಸಿ ಪಕ್ಕಕ್ಕೆ ಸರಿಸಿ, ನಿನ್ನ ಕುರ್ಚಿಗೆ ಹೋಗಿ ಕುಳಿತೆ. ಶಾಲು ಹೊದಿಸಿದರು, ಹೊದಿಸಿಕೊಂಡೆ. ಹಾರ ಹಾಕಿದರು, ಹಾಕಿಸಿಕೊಂಡೆ. ಮನೆಗೆ ಬರುವಾಗ ಬೈಕಿನ ಹಿಂದೆ ನನ್ನ ಹೆಗಲು ಹಿಡಿಯದೆ, ಸೀಟಿನ ಕಂಬಿ ಹಿಡಿದು ಕುಳಿತಿದ್ದೆ. ಹೇಗಾಯಿತು ಎಂದು ಅವ್ವ ಕೇಳಿದ್ದಕ್ಕೆ "ಛಲೋ ಆತು" ಎಂದೆ. ಅಷ್ಟೇ.

ನಾನು ವೇದಿಕೆಯ ಮೇಲೆ ಆಡಿದ ಮಾತು ವೇದಿಕೆಯಲ್ಲಿ ಉಳಿಯಲಿಲ್ಲ. ಯಾವನೋ ವಿದ್ಯಾರ್ಥಿ ವಿಡಿಯೋ ಮಾಡಿ ಹಾಕಿದ್ದ, ಮೂರು ದಿನದಲ್ಲಿ ಮುಧೋಳ, ಬೀಳಗಿಯವರೆಗೆ ಎಲ್ಲರ ಫೋನಿಗೆ ಹೋಯಿತು. ಹಾಲು ತರಲು ನೀನು ಹೊರಟರೆ ಅಂಗಡಿಯವನು ಚಿಲ್ಲರೆಯನ್ನು ನಿನ್ನ ಕೈಗೆ ಕೊಡದೆ ಫೋನ್ ಮಾಡಿ ನನಗೆ ಹೇಳಿದ. ಬಾಜೂ ಮನೆಯ ಲಕ್ಷ್ಮವ್ವ ಕಿವುಡರಿಗೆ ಹೇಳಿದ ಹಾಗೆ ಗಟ್ಟಿಯಾಗಿ, "ಹುಲೆಪ್ಪಣ್ಣಾ, ನಾ ಲಕ್ಷ್ಮವ್ವ! ಗುರ್ತ ಸಿಗತೈತಿಲ್ಲ?" ಎಂದು ಕೂಗುತ್ತಿದ್ದಳು. "ಸಿಗತೈತಿ ತಂಗಿ" ಎಂದು ನೀನು ಮೆಲ್ಲಗೆ ಹೇಳುತ್ತಿದ್ದೆ. ರಂಜನಾ ನನ್ನನ್ನು ಒಳಗೆ ಕರೆದು, "ಮಾವಾರಿಗೆ ಖರೇನ ಹಂಗಾಗೈತೇನ್ರಿ? ನನಗ ಒಂದಿನಾನೂ ಕಾಣಲಿಲ್ಲ" ಎಂದು ಕೇಳಿದಳು. ಆಗಲಾದರೂ ನಿಜ ಹೇಳಬಹುದಿತ್ತು. ನಾನು, ಡಾಕ್ಟರು ಹೇಳಿದ್ದಾರೆ, ನಿನಗೆ ತಿಳಿಯುವುದಿಲ್ಲ ಎಂದೆ. ಅವಳು ನಂಬಿದಳು. ಗುಳಿಗೆಯನ್ನು ತಾನೇ ನಿನ್ನ ಬಾಯಿಗೆ ಹಾಕತೊಡಗಿದಳು, ನೀನು ಚಹಾ ಮಾಡಿಕೊಳ್ಳಲು ಹೋಗಬಾರದೆಂದು ಗ್ಯಾಸಿನ ನಾಬ್ ತಿರುಗಿಸಿ ಬಂದ್ ಮಾಡಿಟ್ಟಳು. ಮನೀಷಾ ಪ್ರತಿದಿನ ಸಾಲಿಯಿಂದ ಬಂದು ನಿನ್ನ ಮುಂದೆ ಕುಳಿತು, "ಅಜ್ಜಾ, ಇವತ್ತ ಯಾವ ವಾರ? ನಾ ಯಾರ ಹೇಳು?" ಎಂದು ಪರೀಕ್ಷೆ ಮಾಡತೊಡಗಿದಳು. ಪ್ರತಿದಿನ ನೀನು ಉತ್ತರ ಹೇಳಿದೆ.

ಆಗಸ್ಟ್ ಮೂರರ ರವಿವಾರ ಊಟವಾದ ಮೇಲೆ ಅವಳು ಮತ್ತೆ ಕೇಳಿದಳು. ನೀನು ಕೈಚೀಲಕ್ಕೆ ಎರಡು ಅಂಗಿ, ಒಂದು ಧೋತರ ಹಾಕಿಕೊಳ್ಳುತ್ತ, "ಇವತ್ತ ಐತವಾರ. ನೀ ಮನೀಷಾ. ನೀ ಹುಟ್ಟಿದ ದಿನ ಹೊರಗ ಆಣಿಕಲ್ಲಿನ ಮಳಿ ಬಿದ್ದಿತ್ತು, ನಾ ಸಮೀರವಾಡಿಯಿಂದ ಸೈಕಲ್ ಮ್ಯಾಲ ಬಂದಿದ್ದೆ. ನಿಮ್ಮಪ್ಪ ದವಾಖಾನಿ ಮೆಟ್ಟಲ ಮ್ಯಾಲ ಕುಂತಿದ್ದ" ಎಂದೆ. ನಂತರ ಅವ್ವನಿಗೆ, "ಸಾತವ್ವನ ಕಡೆ ನಾಕ ದಿನ ಇದ್ದ ಬರತೀನಿ" ಎಂದು ಹೇಳಿ ಬಸ್ಸಿಗೆ ನಡೆದೆ. ನಾನು ಒಳಗಿನ ಖೋಲಿಯಲ್ಲೇ ಇದ್ದೆ. ಎಲ್ಲ ಕೇಳಿಸಿತು. ಹೊರಗೆ ಬರಲಿಲ್ಲ.

ಇಲ್ಲಿಯವರೆಗಿನದು ಬಹುಪಾಲು ನಿನಗೆ ಗೊತ್ತು. ಮುಂದಿನದು ನಿನಗೆ ಗೊತ್ತಿಲ್ಲ. ನೀನು ಹೋಗಿ ವಾರವಾದ ಮೇಲೆ ಲಕ್ಷ್ಮವ್ವ ತನ್ನ ಫೋನಿನಲ್ಲಿ ಅವ್ವನಿಗೆ ಆ ವಿಡಿಯೋ ತೋರಿಸಿದಳು, ಅಲ್ಲಿಯವರೆಗೆ ಅವ್ವ ನಿನಗೆ ವಯಸ್ಸಾಯಿತೆಂದು ಎಲ್ಲರೂ ಹಾಗೆ ಮಾಡುತ್ತಾರೆ ಎಂದುಕೊಂಡಿದ್ದಳು. ಎರಡು ದಿನ ಅವ್ವ ನನ್ನ ತಾಟನ್ನು ರಂಜನಾಳ ಕೈಯಲ್ಲೇ ಕೊಟ್ಟು ಕಳಿಸಿದಳು. ಮೂರನೆಯ ದಿನ ಮುಂಜಾನೆ ರೊಟ್ಟಿ ಬಡಿಯುತ್ತಿದ್ದವಳು ಬಡಿಯುವುದನ್ನು ನಿಲ್ಲಿಸಿ, "ನನ್ನ ಗಂಡಗ ಮರವು ಹತ್ತಿಲ್ಲೋ ಪರಮ್ಯಾ. ನಿನಗ ಅಂವನ ನಾಚಿಕಿ ಹತ್ತೈತಿ. ಆವತ್ತ ನೀ ಪತ್ರ ಓದಿದ್ದು ಸುಳ್ಳಂತ ಅಂವ ರಜಾಕ್ಕ ಬಂದಾಗನ ನನಗ ತಿಳೀತು. ಕೂಸು, ಅಕ್ಷರ ತಪ್ಪಿ ಓದಿರತೈತಿ ಅಂತ ಸುಮ್ನಾದೆ. ಈಗ ಯಾವ ಅಕ್ಷರ ತಪ್ಪಿದಿಯೋ?" ಎಂದು ಕೇಳಿದಳು. ಹೆಂಚಿನ ಮೇಲೆ ರೊಟ್ಟಿ ಕರಕಾಯಿತು. ರಂಜನಾ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ. "ಅಂದ್ರ ನನ್ನ ಕೈಲೆನೂ ಅವರಿಗೆ ಅವಮಾನ ಮಾಡಿಸಿದ್ರಿ" ಎಂದಳು. ಅವಳು ಇಂದಿಗೂ ನನ್ನೊಂದಿಗೆ ಬೇಕಾದಷ್ಟೇ ಮಾತಾಡುತ್ತಾಳೆ. ಮನೀಷಾಳಿಗೆ ನಾನೇ ಕೂತು ಹೇಳಿದೆ. ಅವಳು "ಹಂಗಾರ ನಾ ಅಜ್ಜಗ ದಿನಾ ಕೇಳಿದ್ದು?" ಎಂದಷ್ಟೇ ಕೇಳಿ ಎದ್ದು ಹೋದಳು.

ಮರುದಿನ ಸುಭಾಷ್ ಸರ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಬಿಡ್ರಿ ಪರಮೇಶ ಸರ್. ಆಗಿದ್ದ ಆತು. ಮಂದಿಗೆ ಛಲೋ ಅನಿಸೇತಿ, ಹುಡುಗರಿಗೆ ಹುಮ್ಮಸ ಬಂದೇತಿ. ಈಗ ಕೆದರಿ ಏನ ಮಾಡತೀರಿ?" ಎಂದರು. ಒಂದು ಕ್ಷಣ ನನಗೂ ಹಾಗೇ ಬಿಡೋಣ ಎನಿಸಿತು ಅಪ್ಪಾ, ಇದನ್ನೂ ಬರೆಯಲೇಬೇಕು. ಅವರು ಬಿಡಿ ಎಂದಾಗ ನನ್ನ ಎದೆ ಹಗುರಾದದ್ದು ನನಗೇ ತಿಳಿಯಿತು. ಅದು ತಿಳಿದ ಮೇಲೆ ಅಲ್ಲಿ ಕೂರಲಾಗಲಿಲ್ಲ. ಸೋಮವಾರ, ಹದಿನೆಂಟನೆಯ ತಾರೀಖು, ಪ್ರಾರ್ಥನೆ ಮುಗಿದ ಮೇಲೆ ಅದೇ ಮೈಕಿನಲ್ಲಿ ಎಲ್ಲರ ಮುಂದೆ ಹೇಳಿದೆ. ನನ್ನ ತಂದೆಗೆ ನೆನಪಿನ ತೊಂದರೆ ಇಲ್ಲ. ಅವರು ಹೇಳಿದ್ದೆಲ್ಲ ನಿಜ. ಈ ಕಾಲೇಜಿಗೆ ಬಂದ ಹನ್ನೊಂದು ವರ್ಷದಿಂದ ನಾನು ನಿಮ್ಮ ಹಿಂದಿನ ಬ್ಯಾಚುಗಳಿಗೂ, ನಿಮಗೂ ಹೇಳುತ್ತ ಬಂದದ್ದು ಸುಳ್ಳು. ಹುಡುಗರು ಕೂಗುತ್ತಾರೆ, ಶಿಳ್ಳೆ ಹಾಕುತ್ತಾರೆ ಎಂದು ತಯಾರಾಗಿದ್ದೆ. ಯಾರೂ ಕೂಗಲಿಲ್ಲ. ಕೆಲವರು ನೆಲ ನೋಡಿದರು, ನನ್ನ ನಾಚಿಕೆಯನ್ನು ನೋಡಲು ಅವರಿಗೇ ನಾಚಿಕೆಯಾದಂತೆ.

ಅಂದು ಎರಡನೆಯ ತಾಸಿಗೆ ಅದೇ ಪಾಠ ಇತ್ತು, ಯುದ್ಧ ತಿರುಗಿಸಿದ ಕದನಗಳು. ಕ್ಲಾಸಿಗೆ ಹೋದೆ. ಪ್ಲಾಸಿಯ ತಾಡಪಾಲಿನವರೆಗೆ ಬಂದು ನಿಂತುಬಿಟ್ಟೆ. ಇಷ್ಟು ವರ್ಷ ಅದನ್ನು ಒಂದು ಅಂಕದ ಪ್ರಶ್ನೆಯಾಗಿ ಬರೆಸಿದ್ದೇನೆ. ಆ ಮಳೆಯಲ್ಲಿ ಅದನ್ನು ಎಳೆದು ಹೊದಿಸಿದವರು ಯಾರು ಎಂದು ನಾನು ಕೇಳಿರಲಿಲ್ಲ. ವೋಲ್ಗಾ ನದಿಯಲ್ಲಿ ಗುಂಡಿನ ಕೆಳಗೆ ದೋಣಿ ನಡೆಸಿ ಮದ್ದು ಮುಟ್ಟಿಸಿದವರ ಮಾತು ನನ್ನ ಟಿಪ್ಪಣಿಯಲ್ಲಿ ಇಲ್ಲವೇ ಇಲ್ಲ. ನಿಂತಿದ್ದನ್ನು ನೋಡಿ ರಾಜಶ್ರೀ ಎಂಬ ಹುಡುಗಿ ಎದ್ದಳು. ರಬಕವಿಯಿಂದ ದಿನಾ ಬಸ್ಸಿನಲ್ಲಿ ಬರುವವಳು, ಮನೆಯಲ್ಲಿ ಮಗ್ಗ ಇದೆ, ಕೈಮೇಲೆ ಯಾವಾಗಲೂ ಬಣ್ಣದ ನೂಲಿನ ಚೂರುಗಳು ಅಂಟಿರುತ್ತವೆ. "ಸರ್, ನಮ್ಮ ಮುತ್ತ್ಯಾ ಹೇಳತಾನ್ರಿ, ಸೀರಿ ನೇಯ್ದಾಂವನ ಹೆಸರು ಎಲ್ಲಾರೂ ಕೇಳತಾರ, ಅದಕ್ಕ ನೂಲಿನ ಕಂಡಿಕಿ ಸುತ್ತಿದಾಕಿ ಹೆಸರು ಯಾರೂ ಕೇಳೂದಿಲ್ಲಂತ. ನಿಮ್ಮ ಅಪ್ಪಾರು ಆ ಗುಡ್ಡಕ್ಕ ಒಟ್ಟ ಎಷ್ಟ ಸಲ ಹೋಗಿ ಬಂದ್ರು ಸರ್? ಆ ಖಚ್ಚರ್ ಆಮ್ಯಾಲ ಏನಾತು?" ಎಂದು ಕೇಳಿದಳು. ಚುಚ್ಚಲು ಕೇಳಿದ್ದಲ್ಲ, ತಿಳಿಯಲೆಂದೇ ಕೇಳಿದಳು. ನನಗೆ ಗೊತ್ತಿರಲಿಲ್ಲ ಅಪ್ಪಾ. ಇಪ್ಪತ್ತಾರು ವರ್ಷ ನಿನ್ನ ಯುದ್ಧದ ಕಥೆಯನ್ನು ಊರಿಗೆಲ್ಲ ಹೇಳಿದ್ದೇನೆ, ಒಂದು ದಿನವೂ ನಿನ್ನ ಪಕ್ಕ ಕುಳಿತು ಅಲ್ಲಿ ಏನಾಯಿತು ಎಂದು ಕೇಳಿಲ್ಲ. "ನನಗ ಗೊತ್ತಿಲ್ಲವಾ" ಎಂದೆ. ಅದು ಆ ಪಾಠದಲ್ಲಿ ನಾನು ಆಡಿದ ಮೊದಲ ನಿಜ ಮಾತು.

ಈಗ ಸೈಕಲ್ ಸ್ಟ್ಯಾಂಡಿನ ಹಿಂದಿನಿಂದ ಯಾರಾದರೂ "ಖಚ್ಚರ್ ಸರ್" ಎಂದು ಕೂಗುತ್ತಾರೆ. ನಾನು ತಿರುಗಿ ನೋಡುವುದಿಲ್ಲ. ಸಿಟ್ಟೂ ಬರುವುದಿಲ್ಲ. ಅದು ನಿನ್ನ ಪಲ್ಟನ್ನಿನ ಹೆಸರು, ನನ್ನಂಥವನಿಗೆ ದೊಡ್ಡದಾಯಿತು ಎಂದುಕೊಳ್ಳುತ್ತೇನೆ. ಹಾಲಿನ ಅಂಗಡಿಯವನಿಗೆ, ಲಕ್ಷ್ಮವ್ವನಿಗೆ, ಓಣಿಯಲ್ಲಿ ಮನೆ ಮನೆಗೆ ನಾನೇ ಹೋಗಿ ಹೇಳಿದ್ದೇನೆ. ವಿಡಿಯೋ ತೆಗೆಸಿದ್ದೇನೆ, ಆದರೆ ಹೋದಲ್ಲಿಗೆ ಅದು ಹೋಗಿಯೇ ಬಿಟ್ಟಿದೆ, ಎಲ್ಲ ಫೋನುಗಳಿಂದ ಅಳಿಸುವುದು ನನ್ನ ಕೈಯಲ್ಲಿಲ್ಲ. ನೀನು ಮಾರ್ಕೆಟ್ಟಿಗೆ ಹೋದಾಗ ಇನ್ನೂ ಯಾರಾದರೂ ಪಾಪ ಎನ್ನಬಹುದು. ಅದಕ್ಕೆ ನನ್ನಲ್ಲಿ ಉಪಾಯವಿಲ್ಲ.

ಬಾ ಎಂದು ಕರೆಯುವ ಮುಖ ನನಗಿಲ್ಲ. ಅಲ್ಲೇ ಇರು ಎನ್ನುವ ಧೈರ್ಯವೂ ಇಲ್ಲ. ಅವ್ವ ನಾಳೆ ಬೆಳಗಿನ ಬಸ್ಸಿಗೆ ಬರುತ್ತಾಳೆ. ನೀನು ಬರುವವರೆಗೆ ತಾನೂ ತುಬಚಿಯಲ್ಲೇ ಇರುತ್ತಾಳಂತೆ, 'ನಿಮ್ಮ ಮನಿ ನೀವ ನೋಡಕೋರಿ' ಎಂದು ಹೇಳಿದ್ದಾಳೆ. ಅತ್ತೆಗೆ, ಮಾವನವರಿಗೆ ನಮಸ್ಕಾರ ಹೇಳು. ರಂಜನಾ ನಿನ್ನ ಪಾದ ಹಿಡಿದು ತಪ್ಪಾಯಿತೆಂದು ಹೇಳಲು ಹೇಳಿದ್ದಾಳೆ, ತಪ್ಪು ಅವಳದಲ್ಲ. ಮನೀಷಾ ತನ್ನ ನಮಸ್ಕಾರವನ್ನು ನನ್ನ ಪತ್ರದಲ್ಲಿ ಸೇರಿಸಬಾರದಂತೆ, ತಾನೇ ಬೇರೆ ಬರೆದು ಅವ್ವನ ಚೀಲದಲ್ಲಿ ಹಾಕಿದ್ದಾಳೆ.

ನಿನ್ನ ಕಾಲಿಗೆ ಹಣೆ ಹಚ್ಚಿ,
ನಿನ್ನ ಮಗ
ಪರಮೇಶ

ತಾ.ಕ.: ಸೋಮವಾರ ಮುಂಜಾನೆ. ಅವ್ವ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದಾಳೆ. ನಿನ್ನೆ ಇಷ್ಟೆಲ್ಲ ಬರೆದೂ ಒಂದನ್ನು ಬಿಟ್ಟಿದ್ದೇನೆ, ಅದನ್ನು ಬಿಟ್ಟರೆ ಉಳಿದದ್ದೆಲ್ಲ ಬರೆದು ಉಪಯೋಗವಿಲ್ಲ. ಯುದ್ಧ ಮುಗಿದ ಆ ಆಗಸ್ಟಿನಲ್ಲಿ ನೀನು ಹತ್ತು ದಿನದ ರಜೆಗೆ ಬೆಳಗಲಿಗೆ ಬಂದಿದ್ದೆ. ಹದಿನೈದನೆಯ ತಾರೀಖಿನ ಹಿಂದಿನ ದಿನ ಹೆಡ್‌ಮಾಸ್ತರರು ನನ್ನ ಕೈಗೆ ಒಂದು ಲಕೋಟೆ ಕೊಟ್ಟು, "ನಿಮ್ಮಪ್ಪಾರಿಗೆ ಕೊಡು. ನಾಳಿ ಝೇಂಡಾ ಅವರಽ ಹಾರಸಬೇಕು, ಪಂಚರೆಲ್ಲ ಕೂಡಿ ಠರಾವ ಮಾಡೇವಿ" ಎಂದಿದ್ದರು. ನೀನು ಅಲ್ಲಿಗೆ ಬಂದರೆ ಖಚ್ಚರ್ ಮಾತು ಬರುತ್ತದೆ ಎಂದು ನಾನು ಅದನ್ನು ಹರಿದು ಬಾವಿಗೆ ಹಾಕಿದೆ. ನಿನಗೆ ಜ್ವರ ಬಂದಿದೆ ಎಂದು ಹೆಡ್‌ಮಾಸ್ತರರಿಗೆ ಹೇಳಿದೆ. ಮರುದಿನ ನೀನು ಕೆಂಡ ತುಂಬಿದ ತಂಬಿಗೆಯಿಂದ ಸಮವಸ್ತ್ರಕ್ಕೆ ಇಸ್ತ್ರಿ ಮಾಡಿ, ತೊಟ್ಟುಕೊಂಡು, ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಸಾಲಿಯಲ್ಲಿ ಡ್ರಮ್ಮು ಬಾರಿಸಿದ್ದು ಕೇಳುತ್ತಿತ್ತು. ಮಧ್ಯಾಹ್ನದವರೆಗೆ ಕುಳಿತು, ಒಳಗೆ ಬಂದು ಅಂಗಿ ಮಡಚುತ್ತ, "ಊರಾಗ ನನ್ನ ನೆನಪ ಯಾರಿಗೈತಿ ತಾಯವ್ವಾ" ಎಂದು ಅವ್ವನಿಗೆ ಹೆಸರು ಹಿಡಿದು ಹೇಳಿದ್ದು ನಾನು ಕೇಳಿದೆ. ಅಂದಿನಿಂದ ನೀನು ಆ ಊರಿನಲ್ಲಿ ಸಮವಸ್ತ್ರ ತೊಡಲಿಲ್ಲ. ನಿವೃತ್ತಿಯಾದ ಮೇಲೂ ಆ ಊರಿಗೆ ಹೋಗಿ ಇರಲಿಲ್ಲ. ಬಸ್ಸು ಬಂತಂತೆ. ಅಪ್ಪಾ, ಊರು ನಿನ್ನನ್ನು ಕರೆದಿತ್ತು.